ಬುಕ್ ಮಾಡುವ ಮೊದಲು ಪಕ್ಕದ ಮನೆಯವರನ್ನೂ ಕೇಳೋಣ

ಕಳೆದ ವರ್ಷ ಏಪ್ರಿಲ್‌ನ ಒಂದು ಶನಿವಾರ. ಶಾರ್ಜಾದ ಗೆಳೆಯರೊಬ್ಬರ ಫ್ಲ್ಯಾಟ್‌ನಲ್ಲಿ ನಾವು ಎಂಟು–ಹತ್ತು ಮಂದಿ ಮಧ್ಯಾಹ್ನದ ಊಟಕ್ಕೆ ಸೇರಿದ್ದೆವು. ಎಲ್ಲರೂ ಮಂಗಳೂರು, ಉಳ್ಳಾಲ, ಸುರತ್ಕಲ್ ಕಡೆಯವರೇ. ಕೋರಿ ರೊಟ್ಟಿ ಬಡಿಸುವ ಹೊತ್ತಿಗೆ ನಮ್ಮಲ್ಲೊಬ್ಬರಿಗೆ ಊರಿನಿಂದ ಅಮ್ಮನ ಫೋನ್ ಬಂತು. ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು.

‘ಮಗಾ, ಬಾವಿ ನೀರು ಕೆಂಪು ಬರ್ತಾ ಉಂಟು. ಮೂರು ದಿನ ಆಯ್ತು. ಕೊಡಪಾನ ಇಳಿಸಿದ್ರೆ ತಳ ತಾಗ್ತದೆ.’

ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಬತ್ತದ ಬಾವಿ ಅದು. ಪಕ್ಕದ ಕಾಂಪೌಂಡಿನಲ್ಲಿದ್ದ ಹಳೆಯ ಹಂಚಿನ ಮನೆಯನ್ನು ಕೆಡವಿ, ಎರಡು ಹಂತದ ಬೇಸ್‌ಮೆಂಟಿಗಾಗಿ ಆಳದ ಗುಂಡಿ ತೋಡಿದ್ದರು. ಗುಂಡಿಗೆ ಜಿನುಗುವ ನೀರನ್ನು ಹಗಲೂ ರಾತ್ರಿ ಪಂಪ್ ಇಟ್ಟು ರಸ್ತೆಯ ಚರಂಡಿಗೆ ಬಿಡುತ್ತಿದ್ದರು. ಗುಂಡಿಗೆ ಬಂದ ನೀರು ಬೇರೆ ಯಾರದ್ದೂ ಅಲ್ಲ, ಸುತ್ತಲಿನ ಐದಾರು ಬಾವಿಗಳದ್ದೇ.

ಊಟಕ್ಕೆ ಕುಳಿತಿದ್ದ ಇನ್ನೊಬ್ಬರು ಮೆಲ್ಲಗೆ ಕೇಳಿದರು, ‘ಯಾವ ಕಟ್ಟಡ ಅದು?’ ಹೆಸರು ಹೇಳಿದಾಗ ಅವರ ಕೈ ತಟ್ಟೆಯಲ್ಲೇ ನಿಂತಿತು. ಅದೇ ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ ಅವರು ಎರಡು ಬೆಡ್‌ರೂಮಿನ ಫ್ಲ್ಯಾಟ್ ಬುಕ್ ಮಾಡಿದ್ದರು. ಎಂಟು ತಿಂಗಳಿನಿಂದ ಕಂತು ಹೋಗುತ್ತಿತ್ತು.

ಅಂದು ಒಂದೇ ಚಾಪೆಯ ಮೇಲೆ ಕುಳಿತ ಈ ಇಬ್ಬರು, ಇಂದು ನಮ್ಮ ಊರುಗಳಲ್ಲಿ ನಡೆಯುತ್ತಿರುವ ಜಗಳದ ಎರಡು ಕಡೆಗಳು. ಬಹುಮಹಡಿ ಕಟ್ಟಡ ಬೇಕೆನ್ನುವವರೂ ನಾವೇ, ಅದರ ದೂಳು ಕುಡಿಯುವ ಅಪ್ಪ–ಅಮ್ಮಂದಿರೂ ನಮ್ಮವರೇ. ಆದ್ದರಿಂದ ಈ ವಿಷಯದಲ್ಲಿ ನಾವು ದೂರದಲ್ಲಿದ್ದೇವೆ, ನಮಗೇನು ಸಂಬಂಧ ಎಂದು ಸುಮ್ಮನಿರುವ ಹಾಗಿಲ್ಲ.

ನಮ್ಮ ಹಣ ಫ್ಲ್ಯಾಟಿಗೇ ಏಕೆ ಹೋಗುತ್ತದೆ?

ಕದ್ರಿ, ಬಿಜೈ, ಬೆಂದೂರು, ಮಣ್ಣಗುಡ್ಡೆ, ಅತ್ತಾವರ, ಫಳ್ನೀರ್. ರಜೆಗೆ ಹೋದಾಗಲೆಲ್ಲ ಈ ಬಡಾವಣೆಗಳಲ್ಲಿ ಒಂದಷ್ಟು ಹಂಚಿನ ಮಾಡುಗಳು ಮಾಯವಾಗಿ ಒಂದಷ್ಟು ಗೋಪುರಗಳು ಎದ್ದಿರುತ್ತವೆ. 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಆರಂಭಿಸಿದ ಊರಿನಲ್ಲಿ ಈಗ ಹಂಚಿನ ಮನೆ ಹುಡುಕಿ ನೋಡಬೇಕಾದ ವಸ್ತುವಾಗಿದೆ. ‘ಎಲ್ಲ ಗಲ್ಫ್ ದುಡ್ಡು’ ಎಂದು ರಿಕ್ಷಾದವರು ನಗುತ್ತಾರೆ. ಪೂರ್ತಿ ನಿಜವಲ್ಲದಿದ್ದರೂ ಪೂರ್ತಿ ಸುಳ್ಳೂ ಅಲ್ಲ.

ಇದಕ್ಕೆ ಕಾರಣಗಳಿವೆ. ಗಲ್ಫ್‌ನಲ್ಲಿ ನಮ್ಮಲ್ಲಿ ಹೆಚ್ಚಿನವರ ವೀಸಾ ಕೆಲಸಕ್ಕೆ ಕಟ್ಟಿಕೊಂಡಿದೆ. ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ಇಪ್ಪತ್ತು ವರ್ಷ ಬಾಡಿಗೆ ಕಟ್ಟಿದರೂ ಅಲ್ಲಿನ ಒಂದು ಇಟ್ಟಿಗೆಯೂ ನಮ್ಮದಾಗುವುದಿಲ್ಲ. ಹಾಗಾಗಿ ಊರಿನಲ್ಲೊಂದು ಸೂರು ಎನ್ನುವುದು ನಮಗೆ ಆಸೆಯಲ್ಲ, ಅಗತ್ಯ. ಕಾನೂನಿನ ಒಂದು ಅಂಶವೂ ಇದೆ. ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು ಮನೆ, ಅಂಗಡಿ, ಫ್ಲ್ಯಾಟ್ ಕೊಳ್ಳಬಹುದು. ಸಾಮಾನ್ಯವಾಗಿ ಕೃಷಿಭೂಮಿ, ತೋಟ, ತೋಟದ ಮನೆ ಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಬೇರೆ ಮಾತು. ಅಡಿಕೆ ತೋಟದ ಕನಸು ಕಾಣುವ ನಮ್ಮವನು ಕೊನೆಗೆ ಫ್ಲ್ಯಾಟಿನ ಬ್ರೋಷರ್ ಕೈಗೆತ್ತಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಅದರ ಮೇಲೆ ದಿರ್ಹಮ್ ಅಮೆರಿಕದ ಡಾಲರ್‌ಗೆ ಕಟ್ಟಿಹಾಕಿದ ನಾಣ್ಯ. ರೂಪಾಯಿ ಇಳಿದಷ್ಟೂ ಊರಿನ ಕಂತು ನಮಗೆ ಹಗುರವಾಗಿ ಕಾಣುತ್ತದೆ.

ಇನ್ನೊಂದು ಕಾರಣವನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಅಪ್ಪ ಕಟ್ಟಿದ ಮನೆಗೆ ನಾಲ್ಕು ಮಕ್ಕಳು. ಒಬ್ಬ ಕುವೈತ್‌ನಲ್ಲಿ, ಒಬ್ಬಳು ಮೆಲ್ಬರ್ನ್‌ನಲ್ಲಿ, ಒಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬ ಊರಿನಲ್ಲಿ. ಹತ್ತಿಪ್ಪತ್ತು ಸೆಂಟ್ಸ್ ಜಾಗವನ್ನು ನಾಲ್ಕು ಪಾಲು ಮಾಡುವುದು ಹೇಗೆ? ಬಿಲ್ಡರ್ ಬಂದು ‘ಜಂಟಿ ಅಭಿವೃದ್ಧಿ ಮಾಡೋಣ, ಒಬ್ಬೊಬ್ಬರಿಗೆ ಒಂದೊಂದು ಫ್ಲ್ಯಾಟ್’ ಎಂದರೆ ಪಾಲುಪಟ್ಟಿಯ ಜಗಳವೇ ಮುಗಿದ ಹಾಗೆ. ಎಷ್ಟೋ ಗೋಪುರಗಳ ಅಡಿಪಾಯದಲ್ಲಿ ಇಂತಹ ಕುಟುಂಬಗಳ ಒಪ್ಪಂದಗಳಿವೆ. ಬಿಲ್ಡರ್‌ನನ್ನು ಮಾತ್ರ ಬೈದರೆ ಅರ್ಧ ಕತೆ ಹೇಳಿದಂತೆ.

ವಿರೋಧಿಸುವವರು ಹೊಟ್ಟೆಕಿಚ್ಚಿನವರೇ?

ಬಡಾವಣೆಯ ಜನ ಮನವಿ ಹಿಡಿದು ಪಾಲಿಕೆಗೆ ಹೋದರೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುವ ಮೊದಲ ಮಾತು, ‘ಊರಿನವರಿಗೆ ಅಭಿವೃದ್ಧಿ ಬೇಡ, ಹೊಟ್ಟೆಕಿಚ್ಚು’. ಕಂತು ಕಟ್ಟುವವನ ಸಂಕಟ ನಮಗೆ ಗೊತ್ತು. ಕೆಲಸ ಒಂದು ವರ್ಷ ನಿಂತರೆ ಇಲ್ಲಿ ಬಾಡಿಗೆ, ಅಲ್ಲಿ ಬಡ್ಡಿ, ಎರಡನ್ನೂ ಹೊರಬೇಕು. ಆದರೆ ಮನವಿಯಲ್ಲಿ ಏನು ಬರೆದಿದ್ದಾರೆ ಎಂದು ಓದಿದರೆ ಹೊಟ್ಟೆಕಿಚ್ಚಿಗಿಂತ ನೀರು, ಮಣ್ಣು, ರಸ್ತೆಯ ಮಾತೇ ಹೆಚ್ಚಿರುತ್ತದೆ.

ನೀರಿನಿಂದಲೇ ಆರಂಭಿಸೋಣ. ಮಂಗಳೂರಿನ ಕುಡಿಯುವ ನೀರಿಗೆ ಮುಖ್ಯ ಆಧಾರ ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟು. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಈ ಊರಿನಲ್ಲಿ 2016 ಮತ್ತು 2019ರ ಬೇಸಿಗೆಯಲ್ಲಿ ನದಿಯ ಹರಿವು ನಿಂತು ನೀರನ್ನು ಸರದಿಯ ಮೇಲೆ ಬಿಡಬೇಕಾಯಿತು. ಆ ದಿನಗಳಲ್ಲಿ ಹಳೆಯ ಮನೆಗಳನ್ನು ಕಾಪಾಡಿದ್ದು ಅಂಗಳದ ಬಾವಿ. ನಲ್ಲಿಯಲ್ಲಿ ನೀರು ಬಾರದಿದ್ದರೆ ಬಾವಿ ಉಂಟಲ್ಲ ಎನ್ನುವ ಧೈರ್ಯವೇ ನಮ್ಮ ಅಮ್ಮಂದಿರ ಆಸ್ತಿ. ಅದನ್ನು ಬತ್ತಿಸಿ ‘ಟ್ಯಾಂಕರ್ ಕಳಿಸ್ತೇವೆ’ ಎಂದರೆ ಅವರಿಗೆ ಸಮಾಧಾನವಾಗುವುದು ಹೇಗೆ?

ಇನ್ನು ಮಣ್ಣು. ಕರಾವಳಿಯ ಗುಡ್ಡಗಳಲ್ಲಿ ಮೇಲೆ ಗಟ್ಟಿಯಾದ ಮುರಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಒಣಗಿರುವಾಗ ಶೇಡಿ ಗಟ್ಟಿ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಊರಿನಲ್ಲಿ ಬಾವಿ ತೋಡುವವರಿಗೆಲ್ಲ ಗೊತ್ತಿರುವ ಸಂಗತಿ ಇದು. ಬೇಸಿಗೆಯಲ್ಲಿ ನೇರ ಗೋಡೆಯಂತೆ ಕಡಿದ ಗುಡ್ಡ ಜೂನ್–ಜುಲೈಯಲ್ಲಿ ಕುಸಿಯುವುದು ಇದರಿಂದಲೇ. 2024ರ ಜುಲೈಯಲ್ಲಿ ಬಲ್ಮಠದಲ್ಲಿ ಕಟ್ಟಡಕ್ಕಾಗಿ ಅಗೆದಲ್ಲಿ ಮಣ್ಣು ಕುಸಿದು ಒಬ್ಬ ಕಾರ್ಮಿಕ ಪ್ರಾಣ ಬಿಟ್ಟ. ಅವನು ಉತ್ತರ ಭಾರತದಿಂದ ದುಡಿಯಲು ಬಂದವನು. ಊರು ಬಿಟ್ಟು, ಹೆತ್ತವರನ್ನು ಬಿಟ್ಟು, ಪರರ ಊರಿನಲ್ಲಿ ಪರರ ಮನೆ ಕಟ್ಟಲು ಬಂದವನು. ಅವನ ಸ್ಥಿತಿ ಏನೆಂದು ಗಲ್ಫ್‌ನ ಲೇಬರ್ ಕ್ಯಾಂಪ್ ಕಂಡ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಮೂರನೆಯದು ತೋಡು ಮತ್ತು ರಸ್ತೆ. 2018ರ ಮೇ 29ರಂದು ಸುರಿದ ಮಳೆಗೆ ಮಂಗಳೂರಿನ ರಸ್ತೆಗಳು ಹೊಳೆಯಾದುದನ್ನು ನಾವೆಲ್ಲ ಮೊಬೈಲ್‌ನಲ್ಲಿ ನೋಡಿ ಕಂಗಾಲಾಗಿದ್ದೆವು. ಹಿಂದೆ ಅಂಗಳ, ಹಿತ್ತಲು, ತೆಂಗಿನ ಬುಡ ಕುಡಿಯುತ್ತಿದ್ದ ಮಳೆನೀರು ಈಗ ಕಾಂಕ್ರೀಟಿನ ಮೇಲಿಂದ ನೇರ ರಸ್ತೆಗೆ ಬರುತ್ತದೆ. ಅದನ್ನು ಹೊತ್ತೊಯ್ಯಬೇಕಾದ ತೋಡುಗಳು ಅಲ್ಲಲ್ಲಿ ಸೊರಗಿ ಚರಂಡಿಯಷ್ಟಾಗಿವೆ. ಎಷ್ಟು ಮಹಡಿ ಎನ್ನುವುದು ಎಫ್‌ಎಆರ್ ಮೇಲೆ, ಅಂದರೆ ಜಾಗದ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎನ್ನುವ ಲೆಕ್ಕದ ಮೇಲೆ ನಿಲ್ಲುತ್ತದೆ. ಆ ಲೆಕ್ಕಕ್ಕೆ ಎದುರಿನ ರಸ್ತೆಯ ಅಗಲ ಮುಖ್ಯ. ಕಟ್ಟಡದ ಮುಂದೆ ರಸ್ತೆ ಅಗಲವಿದ್ದು, ಇನ್ನೂರು ಮೀಟರ್ ಆಚೆ ಎರಡು ರಿಕ್ಷಾ ಎದುರಾದರೆ ಒಂದು ಹಿಂದೆ ಸರಿಯಬೇಕಾದಂತಿದ್ದರೆ? ಅಗ್ನಿಶಾಮಕ ವಾಹನ ಆ ಮೂಲೆ ತಿರುಗಬಲ್ಲದೇ? ಇದನ್ನು ಕೇಳುವವರು ಅಭಿವೃದ್ಧಿಯ ವೈರಿಗಳಲ್ಲ. ಹನ್ನೊಂದನೇ ಮಹಡಿಯಲ್ಲಿ ಮುಂದೆ ಮಲಗುವ ನಮ್ಮ ಜೀವದ ಪರವಾಗಿಯೇ ಕೇಳುತ್ತಿದ್ದಾರೆ.

ಹಾಗೆಂದು ಎಲ್ಲ ವಿರೋಧವೂ ಸರಿ ಎನ್ನಲಾರೆವು. ‘ನಮ್ಮ ಬಡಾವಣೆಗೆ ಹೊರಗಿನವರು ಬೇಡ’ ಎನ್ನುವ ಮಾತು ಕೆಲವೊಮ್ಮೆ ನೀರಿನ ನೆಪದಲ್ಲಿ ಬರುತ್ತದೆ. ಇಂದು ಮನವಿಗೆ ಸಹಿ ಹಾಕಿದವರೇ ಎರಡು ವರ್ಷದ ನಂತರ ತಮ್ಮ ಕಾಂಪೌಂಡನ್ನು ಬಿಲ್ಡರ್‌ಗೆ ಒಪ್ಪಿಸಿದ್ದೂ ಇದೆ. ಮೇಲಕ್ಕೆ ಕಟ್ಟದಿದ್ದರೆ ಊರು ಅಡ್ಡಕ್ಕೆ ಹರಡುತ್ತದೆ, ಗದ್ದೆ ಮುಚ್ಚಿ, ಗುಡ್ಡ ಕಡಿದು ಲೇಔಟ್ ಆಗುತ್ತದೆ. ಮೊಣಕಾಲು ನೋವಿನ ವೃದ್ಧರಿಗೆ ಲಿಫ್ಟ್, ಕಾವಲುಗಾರ, ಪಕ್ಕದಲ್ಲೇ ಬಾಗಿಲು ತಟ್ಟಿದರೆ ಬರುವ ನೆರೆಯವರು ಇರುವ ಫ್ಲ್ಯಾಟು, ದೊಡ್ಡ ಹಿತ್ತಲಿನ ಒಂಟಿ ಮನೆಗಿಂತ ಎಷ್ಟೋ ಸಲ ವಾಸಿ. ಆದ್ದರಿಂದ ಕಟ್ಟಬೇಕೋ ಬೇಡವೋ ಎಂದು ಜಗಳವಾಡಿ ಉಪಯೋಗವಿಲ್ಲ. ಎಲ್ಲಿ, ಎಷ್ಟು, ಹೇಗೆ ಎಂದು ಕೇಳಬೇಕು.

ಹೊರಗೆ ನಾವು ಕಂಡದ್ದು

‘ದುಬೈ ನೋಡಿ’ ಎನ್ನುವುದು ಊರಿನಲ್ಲಿ ನಮ್ಮದೇ ಮಾತು. ಪೂರ್ತಿ ದುಬೈಯನ್ನು ನೋಡೋಣ. 2008–09ರ ಹೊತ್ತಿಗೆ ಅಲ್ಲಿದ್ದವರಿಗೆ ನೆನಪಿರಬಹುದು. ಗೋಪುರಗಳು ಎದ್ದ ವೇಗದಲ್ಲಿ ಒಳಚರಂಡಿ ಬರಲಿಲ್ಲ. ಅಲ್ ಅವೀರ್‌ನ ಶುದ್ಧೀಕರಣ ಘಟಕದ ಮುಂದೆ ಕೊಳಚೆ ಟ್ಯಾಂಕರ್‌ಗಳು ಗಂಟೆಗಟ್ಟಲೆ ಸಾಲು ನಿಲ್ಲುತ್ತಿದ್ದವು. ಕಾಯಲಾರದ ಕೆಲವು ಚಾಲಕರು ಮಳೆನೀರಿನ ಕೊಳವೆಗೆ ಸುರಿದು, ಅದು ಜುಮೇರಾ ಕಡಲ ತೀರಕ್ಕೆ ಬಂದು ದೊಡ್ಡ ಸುದ್ದಿಯಾಯಿತು. 2024ರ ಏಪ್ರಿಲ್ 16ರ ಮಳೆಗೆ ಅದೇ ನಗರದ ಹೆದ್ದಾರಿಗಳಲ್ಲಿ ಕಾರುಗಳು ತೇಲಿದವು. ನಮ್ಮಲ್ಲಿ ಕೆಲವರು ಕಚೇರಿಯಲ್ಲೇ ರಾತ್ರಿ ಕಳೆದರು. ಅಷ್ಟು ಹಣವಿದ್ದ ಊರಿಗೇ ಕೊಳವೆಯನ್ನು ಮರೆತು ಗೋಪುರ ಕಟ್ಟಿದರೆ ಏನಾಗುತ್ತದೆಂದು ಗೊತ್ತಾಯಿತು. ಹಣ ಕಡಿಮೆ, ಮಳೆ ಹೆಚ್ಚಿರುವ ನಮ್ಮ ಊರು ಇದನ್ನು ಮೊದಲೇ ಕಲಿಯಬೇಕಿತ್ತು.

ಸಿಂಗಪುರದಲ್ಲಿ ನಿವಾಸಿಗಳ ಪೈಕಿ ಮುಕ್ಕಾಲು ಭಾಗಕ್ಕೂ ಹೆಚ್ಚು ಜನ ಸರ್ಕಾರಿ ಬಹುಮಹಡಿ ಮನೆಗಳಲ್ಲಿದ್ದಾರೆ. ಅಲ್ಲಿನ ಬಡಾವಣೆಗಳನ್ನು ಯೋಜಿಸುವಾಗಲೇ ಶಾಲೆ, ಊಟದ ಕೇಂದ್ರ, ಬಸ್ಸು, ರೈಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಪಕ್ಕದ ಮನೆಯವರು ಕಟ್ಟಡಕ್ಕೆ ಅರ್ಜಿ ಹಾಕಿದರೆ ನಮಗೆ ಪತ್ರ ಬರುತ್ತದೆ, ಇಲ್ಲವೇ ಬೀದಿಯ ಕಂಬದಲ್ಲಿ ನೋಟಿಸು ಕಾಣುತ್ತದೆ. ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 21 ದಿನ ಕಾಲಾವಕಾಶ. ನಮ್ಮಲ್ಲಿ ನಗರದ ಮಹಾಯೋಜನೆ ರೂಪಿಸುವಾಗ, ಭೂಬಳಕೆ ಬದಲಾಯಿಸುವಾಗ ಆಕ್ಷೇಪಣೆ ಕರೆಯುತ್ತಾರೆ. ಆದರೆ ಪಕ್ಕದಲ್ಲಿ ಹದಿನೈದು ಮಹಡಿ ಏಳುತ್ತದೆ ಎಂಬುದು ನೆರೆಯವರಿಗೆ ತಿಳಿಯುವುದು ಜೆಸಿಬಿ ಬಂದು ನಿಂತಾಗಲೇ. ಮೊದಲೇ ಕೇಳುವ ವ್ಯವಸ್ಥೆ ಇಲ್ಲದ ಕಡೆ ಜಗಳವೆಲ್ಲ ನಂತರ, ಕೋರ್ಟಿನಲ್ಲಿ ನಡೆಯುತ್ತದೆ.

ನೆರೆಯವರ ಮಾತಿಗೆ ಮಿತಿಮೀರಿ ಬಲ ಕೊಟ್ಟರೂ ಕಷ್ಟವಿದೆ. ಸಿಡ್ನಿಯಲ್ಲಿರುವ ನಮ್ಮ ಸ್ನೇಹಿತರು ಬಾಡಿಗೆಯ ಭಾರಕ್ಕೆ ನಲುಗುತ್ತಿದ್ದಾರೆ. ರೈಲು ನಿಲ್ದಾಣಗಳ ಸುತ್ತ ಆರು ಮಹಡಿಯವರೆಗೆ ಕಟ್ಟಲು ಅವಕಾಶ ಕೊಡುವ ನಿಯಮವನ್ನು 2024ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ತಂದಾಗ ಕು–ರಿಂಗ್–ಗೈ ಎಂಬ ಸಿರಿವಂತ ಪ್ರದೇಶದ ಸ್ಥಳೀಯ ಸಂಸ್ಥೆ ನ್ಯಾಯಾಲಯಕ್ಕೇ ಹೋಯಿತು. ಮನೆ ಇದ್ದವರು ಬಾಗಿಲು ಹಾಕಿಕೊಂಡರೆ ಹೊಸಬರು ಹೊರಗೆ ಉಳಿಯುತ್ತಾರೆ. ಅಲ್ಲಿ ಹೊರಗೆ ನಿಂತವರು ನಾವು.

ಸೋತ ಕೊಳ್ಳುವವರ ಪಾಠ

‘ಪರವಾನಗಿ ಇದೆಯಲ್ಲ, ನಮಗೇಕೆ ತಲೆಬಿಸಿ’ ಎನ್ನುವವರು ಎರಡು ಹೆಸರು ನೆನಪಿಡಬೇಕು. ಕೊಚ್ಚಿಯ ಮರಡು. ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿದ್ದಕ್ಕಾಗಿ ನಾಲ್ಕು ವಸತಿ ಸಮುಚ್ಚಯಗಳನ್ನು ಕೆಡವಲು ಸುಪ್ರೀಂ ಕೋರ್ಟ್ 2019ರ ಮೇ ತಿಂಗಳಲ್ಲಿ ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಅವು ನೆಲಸಮವಾದವು. ಅಲ್ಲಿ ಫ್ಲ್ಯಾಟ್ ಕೊಂಡವರಲ್ಲಿ ಅನಿವಾಸಿ ಮಲಯಾಳಿಗಳೂ ಇದ್ದರು. ಸ್ಥಳೀಯ ಸಂಸ್ಥೆಯ ಪರವಾನಗಿ ಅವರನ್ನು ಕಾಪಾಡಲಿಲ್ಲ. ಇನ್ನೊಂದು, ನೊಯ್ಡಾದ ಅವಳಿ ಗೋಪುರ. ತಮ್ಮ ಸಮುಚ್ಚಯದ ಜಾಗದಲ್ಲೇ ನಿಯಮ ಮೀರಿ ಎರಡು ಗೋಪುರ ಎದ್ದಾಗ ಅಲ್ಲಿನ ನಿವಾಸಿಗಳ ಸಂಘ ವರ್ಷಗಟ್ಟಲೆ ಹೋರಾಡಿತು. 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಅವುಗಳನ್ನು ಕೆಡವಲು ಹೇಳಿತು. ಮರುವರ್ಷ ಆಗಸ್ಟ್ 28ರಂದು ಸುಮಾರು ನೂರು ಮೀಟರ್ ಎತ್ತರದ ಗೋಪುರಗಳು ಕೆಲವೇ ಸೆಕೆಂಡುಗಳಲ್ಲಿ ದೂಳಾದವು.

ಎರಡೂ ಕಡೆ ನಿಯಮ ಮೀರಿದ ಕಟ್ಟಡದಲ್ಲಿ ಹಣ ಹಾಕಿದವರು ವರ್ಷಗಟ್ಟಲೆ ಕೋರ್ಟು, ಬ್ಯಾಂಕು ಎಂದು ಅಲೆದರು. ನೆರೆಯವರ ಆಕ್ಷೇಪಣೆಯನ್ನು ಮೊದಲೇ ಕಿವಿಗೆ ಹಾಕಿಕೊಂಡಿದ್ದರೆ ಆ ಹಣ, ಆ ನಿದ್ದೆ ಉಳಿಯುತ್ತಿತ್ತು.

ನಮ್ಮ ಕೈಯಲ್ಲಿ ಏನಿದೆ?

ಬಹಳ ಇದೆ. 2016ರ ರೇರಾ ಕಾಯ್ದೆಯಡಿ 500 ಚದರ ಮೀಟರ್‌ಗಿಂತ ದೊಡ್ಡ ಜಾಗದ, ಇಲ್ಲವೇ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ ನೋಂದಣಿಯಾಗಬೇಕು. ಕೊಳ್ಳುವವರಿಂದ ಪಡೆದ ಹಣದ ಶೇ 70 ಭಾಗ ಪ್ರತ್ಯೇಕ ಖಾತೆಯಲ್ಲಿರಬೇಕು. ಮಂಜೂರಾದ ನಕ್ಷೆಯಲ್ಲಿ ದೊಡ್ಡ ಬದಲಾವಣೆಗೆ ಮೂರನೇ ಎರಡರಷ್ಟು ಕೊಳ್ಳುವವರ ಒಪ್ಪಿಗೆ ಬೇಕು. ಇವೆಲ್ಲ ಕೊಳ್ಳುವವನಿಗೆ ಕೊಟ್ಟ ಬಲ. ಬಾವಿ ಬತ್ತಿದ ಪಕ್ಕದ ಮನೆಯ ಅಮ್ಮನಿಗೆ ಬಿಲ್ಡರ್‌ನ ಕಚೇರಿಯಲ್ಲಿ ಕುರ್ಚಿಯೂ ಸಿಗುವುದಿಲ್ಲ. ನಾವು ಫೋನ್ ಮಾಡಿದರೆ ಮಾರಾಟ ವಿಭಾಗದವರು ಎರಡನೇ ರಿಂಗಿಗೆ ಎತ್ತುತ್ತಾರೆ. ಈ ವ್ಯತ್ಯಾಸವನ್ನು ನಾವು ಬಳಸಿಕೊಳ್ಳಬೇಕು.

ಬುಕ್ ಮಾಡುವ ಮೊದಲು ಈಜುಕೊಳ, ಜಿಮ್ ಕೇಳುವುದರ ಜತೆ ಇನ್ನೂ ನಾಲ್ಕು ಪ್ರಶ್ನೆ ಕೇಳೋಣ. ಏಪ್ರಿಲ್–ಮೇಯಲ್ಲಿ ಇಷ್ಟು ಮನೆಗಳಿಗೆ ನೀರು ಎಲ್ಲಿಂದ? ಕೊಳಚೆ ನೀರು ಶುದ್ಧೀಕರಣವಾಗಿ ಎಲ್ಲಿಗೆ ಹೋಗುತ್ತದೆ? ಬೇಸ್‌ಮೆಂಟ್ ಅಗೆಯುವಾಗ ಪಕ್ಕದ ಬಾವಿ, ಗೋಡೆಗಳಿಗೆ ಏನು ರಕ್ಷಣೆ, ಮಳೆಗಾಲಕ್ಕೆ ಮೊದಲು ತಡೆಗೋಡೆ ಮುಗಿಯುತ್ತದೆಯೇ? ಪಾಲಿಕೆಯಲ್ಲಿ ಅಥವಾ ಕೋರ್ಟಿನಲ್ಲಿ ನೆರೆಯವರ ಆಕ್ಷೇಪಣೆ ಏನಾದರೂ ಇದೆಯೇ? ಉತ್ತರ ಬರಹದಲ್ಲಿ ಕೊಡಿ ಎಂದು ಕೇಳೋಣ. ಊರಿನಲ್ಲಿರುವ ಮನೆಯವರು ಒಂದು ಸಂಜೆ ಆ ಜಾಗದ ಅಕ್ಕಪಕ್ಕದ ಎರಡು ಮನೆಗಳ ಬಾಗಿಲು ತಟ್ಟಿ ಮಾತನಾಡಿಸಿ ಬರಲಿ. ಹೇಗಿದ್ದರೂ ನಾಳೆ ನೆರೆಹೊರೆಯಾಗುವವರು ಅವರೇ. ಪರಿಚಯ ಇಂದೇ ಆಗಲಿ. ಅಲ್ಲಿ ತಿಳಿಯುವ ಸಂಗತಿ ಯಾವ ಬ್ರೋಷರಿನಲ್ಲೂ ಇರುವುದಿಲ್ಲ.

ಜಾಗ ನಮ್ಮದೇ ಆಗಿ, ಬಿಲ್ಡರ್‌ಗೆ ಕೊಡುವವರು ನಾವಾಗಿದ್ದರೆ ಹೊಣೆ ಇನ್ನೂ ಹೆಚ್ಚು. ಎಷ್ಟು ಫ್ಲ್ಯಾಟ್ ನಮ್ಮ ಪಾಲಿಗೆ ಎನ್ನುವ ಸಾಲಿನ ಕೆಳಗೆ ಹಳೆಯ ಬಾವಿ ಮುಚ್ಚಕೂಡದು, ತೋಡು ಮುಟ್ಟಕೂಡದು, ರಾತ್ರಿ ಕೆಲಸ ಮಾಡಕೂಡದು ಎನ್ನುವ ಮೂರು ಸಾಲು ಸೇರಿಸಲು ವಕೀಲರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಸೇರಿಸುವ ಮನಸ್ಸು ನಮಗಿರಬೇಕು.

ಆ ಶನಿವಾರದ ಕತೆಗೆ ಮರಳೋಣ. ಊಟ ಮುಗಿದ ಮೇಲೆ ಇಬ್ಬರೂ ಬಾಲ್ಕನಿಯಲ್ಲಿ ಬಹಳ ಹೊತ್ತು ಮಾತನಾಡಿದರು. ಮಾತು ಒಂದೆರಡು ಸಲ ಬಿಸಿಯೂ ಆಯಿತು. ಕೊನೆಗೆ ಫ್ಲ್ಯಾಟ್ ಬುಕ್ ಮಾಡಿದ ಗೆಳೆಯರು ಅದೇ ಕಟ್ಟಡದಲ್ಲಿ ಮನೆ ಕೊಂಡ ಇನ್ನೂ ಏಳು ಮಂದಿ ಅನಿವಾಸಿಗಳನ್ನು ಹುಡುಕಿ, ಎಲ್ಲರ ಸಹಿಯಲ್ಲಿ ಬಿಲ್ಡರ್‌ಗೆ ಪತ್ರ ಬರೆದರು. ನೆರೆಯವರು ಎರಡು ತಿಂಗಳು ಅಲೆದರೂ ಆಗದ ಸಭೆ ಹತ್ತು ದಿನದೊಳಗೆ ನಡೆಯಿತು. ತಡೆಗೋಡೆಯ ಕೆಲಸ ಮಳೆಗೆ ಮೊದಲು ಮುಗಿಯಿತು. ಪಂಪಿನ ನೀರನ್ನು ಚರಂಡಿಗೆ ಬಿಡದೆ ಇಂಗುಗುಂಡಿಗೆ ತಿರುಗಿಸಿದರು. ಅಮ್ಮನ ಬಾವಿಯ ಹೂಳೆತ್ತಿಸಿಕೊಟ್ಟರು. ಎಲ್ಲವೂ ಸರಿಹೋಯಿತು ಎಂದು ಹೇಳುವುದಿಲ್ಲ. ರಸ್ತೆ ಅಷ್ಟೇ ಅಗಲವಿದೆ, ಲಾರಿಗಳ ಸದ್ದು ನಿಂತಿಲ್ಲ. ಹಿತ್ತಲಿನ ಬಿಸಿಲನ್ನು ಹದಿನಾಲ್ಕು ಮಹಡಿ ನುಂಗಿದ ಮೇಲೆ ಹಪ್ಪಳ ಒಣಗಿಸಲು ಅಮ್ಮ ಈಗ ಟೆರೇಸಿಗೆ ಹತ್ತುತ್ತಾರೆ.

ಈ ಮೇಯಲ್ಲಿ ಅವರು ಮಗನಿಗೆ ಫೋನ್ ಮಾಡಿ ಹೇಳಿದ್ದು ಇಷ್ಟು: ‘ನೀರು ತಿಳಿ ಆಗಿದೆ ಮಗಾ. ಆದ್ರೆ ಮೊದಲಿನಷ್ಟು ಇಲ್ಲ. ನಿನ್ನ ಆ ಫ್ರೆಂಡ್ ಊರಿಗೆ ಬಂದಾಗ ಮನೆಗೆ ಕರ್ಕೊಂಡು ಬಾ, ಇನ್ನು ಅವರು ನಮ್ಮ ನೆರೆಕರೆಯವರಲ್ವಾ.’